ವಿನಿಫ್ರೆಡ್ ಗಾರ್ಬಟ್ ಅವರ ಎರಡನೆಯ ಪುಸ್ತಕ

ಯಾರ್ಕ್‌ಷೈರ್ ಕರಾವಳಿಯ ಪುಟ್ಟ ಬಂದರಿನಲ್ಲಿ ಹುಟ್ಟಿದ ವಿನಿಫ್ರೆಡ್ ಗಾರ್ಬಟ್ ಅವರು ಅಲ್ಲಿನ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದರು. ಗುರುವಾರಗಳಂದು ಆಲೂಗಡ್ಡೆ, ಬಟಾಣಿ, ಕಸ್ಟರ್ಡ್ ಬಡಿಸಿ ಪಾತ್ರೆ ತೊಳೆದಾದ ಮೇಲೆ ಏಪ್ರನ್ ಬಿಚ್ಚಿಟ್ಟು, ಮೂರನೆಯ ತರಗತಿಗೆ ಹೋಗಿ ತಾವೇ ಬರೆದ ಕಥೆಯ ಒಂದೊಂದು ಅಧ್ಯಾಯ ಓದುವುದು ಅವರ ರೂಢಿ.

ಜಮಖಾನದ ಮೇಲೆ ಕುಳಿತ ಮಕ್ಕಳು ಬೇಸರವಾದರೆ ಬೂಟಿನ ವೆಲ್ಕ್ರೋ ಅಂಟುಪಟ್ಟಿಯನ್ನು ಚರ್ರೆಂದು ಕಿತ್ತು ಮತ್ತೆ ಅಂಟಿಸುತ್ತಿದ್ದರು. ಸದ್ದು ಕೇಳಿದಾಗ ಓದುತ್ತಿದ್ದ ಸಾಲಿನ ಪಕ್ಕದಲ್ಲಿ ವಿನಿಫ್ರೆಡ್ ಪೆನ್ಸಿಲಿನಿಂದ ಚುಕ್ಕೆಯಿಡುತ್ತಿದ್ದರು. ಮೂರು ಚುಕ್ಕೆ ಬಿದ್ದ ಪುಟ ಸಂಜೆ ಒಲೆ ಸೇರುತ್ತಿತ್ತು. ಹೀಗೆ ಸೋಸಿದ ಮೊದಲ ಪುಸ್ತಕ 1990ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ದೊಡ್ಡದೊಂದು ಪ್ರಶಸ್ತಿ ಪಡೆಯಿತು.

ಎರಡನೆಯದನ್ನು ಅವರು ಯಾರಿಗೂ ಓದದೆ ಬರೆದರು. ಪ್ರಶಸ್ತಿ ಪಡೆದ ಮೇಲೂ ಎಂಟು ವರ್ಷದವರ ಒಪ್ಪಿಗೆ ಕೇಳುವುದೇ ಎಂಬ ಸಣ್ಣ ಜಂಬ ಆಗ ತಮಗಿದ್ದುದನ್ನು ಅವರು ಎಂದೂ ಮರೆಮಾಚಲಿಲ್ಲ. ಲಂಡನ್ನಿನ ಪ್ರಕಾಶನದ ಸಂಪಾದಕಿ ಫಿಲಿಪಾಗೆ ಹಸ್ತಪ್ರತಿ ಬಹಳ ಹಿಡಿಸಿತು. ಕ್ರಿಸ್‌ಮಸ್‌ಗೆ ಅಂಗಡಿಗೆ ಬರಬೇಕಾದರೆ ಸೋಮವಾರ ಅಚ್ಚಿಗೆ ಹೋಗಬೇಕು. ವಿನಿಫ್ರೆಡ್‌ಗೆ ಮಾತ್ರ ಒಳಗೊಳಗೇ ಅಳುಕು. ಆ ಸೋಮವಾರಕ್ಕೆ ಮುಂಚಿನ ಗುರುವಾರ ಹಸ್ತಪ್ರತಿ ಹಿಡಿದು ತರಗತಿಗೆ ಹೋದರು.

ಕಡಲತೀರದಲ್ಲಿ ಮಕ್ಕಳನ್ನು ಹೊತ್ತು ಸವಾರಿ ಮಾಡಿಸುವ ಮುದಿ ಕತ್ತೆಯ ಕಥೆ ಅದು. ನಡುವಿನ ಮೂರು ಅಧ್ಯಾಯಗಳಲ್ಲಿ ಕತ್ತೆ ಅಲೆಗಳನ್ನು ನೋಡುತ್ತ ಬದುಕಿನ ಬಗ್ಗೆ ಯೋಚಿಸುತ್ತದೆ. ಫಿಲಿಪಾ ಮೆಚ್ಚಿದ್ದೂ ಅದನ್ನೇ. ಆ ಭಾಗದ ಮೊದಲ ಪುಟ ಮುಗಿಯುವ ಮುನ್ನವೇ ಇಡೀ ತರಗತಿ ಚರ್ ಚರ್ ಎನ್ನತೊಡಗಿತು.

"ಮಿಸ್, ಈ ಕತ್ತೆ ಏನಾದ್ರೂ ಮಾಡುತ್ತಾ?" ಮುಂದೆ ಕುಳಿತಿದ್ದ ಕರ್ಸ್ಟಿ ಎಂಬ ಹುಡುಗಿ ಕೇಳಿದಳು.

"ಯೋಚ್ನೆ ಮಾಡ್ತಿದೆ, ಪುಟ್ಟಿ."

"ನಮ್ಮಜ್ಜನೂ ಹಂಗೇ ಅಂತಾರೆ. ಆಮೇಲೆ ಗೊರಕೆ ಹೊಡೀತಾರೆ."

ಹಿಂದೆ ಕುಳಿತಿದ್ದ ಶಿಕ್ಷಕಿ ಮೇವಿಸ್ ನಗು ತಡೆಯಲಾರದೆ ಹೇಳಿದರು: "ನಿನ್ನ ಕಸ್ಟರ್ಡ್ ಗಂಟು ಕಟ್ಟಿದ ದಿನಾನೂ ಇವು ಇಷ್ಟು ಒದ್ದಾಡಿರ್ಲಿಲ್ಲ ಕಣೇ, ವಿನ್ನಿ."

ಸಂಜೆ ವಿನಿಫ್ರೆಡ್ ಲಂಡನ್ನಿಗೆ ಫೋನ್ ಮಾಡಿದರು. "ಮೂರು ಅಧ್ಯಾಯ ತೆಗ್ದು ಮತ್ತೆ ಬರೀಬೇಕು, ಫಿಲಿಪಾ."

"ಅದೇ ಪುಸ್ತಕದ ಜೀವ, ವಿನಿಫ್ರೆಡ್. ಕ್ರಿಸ್‌ಮಸ್ ತಪ್ಪಿದ್ರೆ ಯಾರು ಕೊಳ್ತಾರೆ? ಇದು ಸೋತ್ರೆ ಮೂರನೇದನ್ನ ನಾವು ತಗೊಳ್ಳೋದು ಕಷ್ಟ."

"ಇರ್ಬಹುದು. ಆದ್ರೆ ಕೊಂಡ ಮಕ್ಕಳು ಓದ್ಬೇಕಲ್ಲ."

ಹೊಸದಾಗಿ ಬರೆಯುವುದಕ್ಕೆ ಚಳಿಗಾಲವೆಲ್ಲ ಹಿಡಿಯಿತು. ಈಗ ಕತ್ತೆ ಹಗ್ಗ ಬಿಚ್ಚಿಕೊಂಡು ನೇರವಾಗಿ ಅಜ್ಜಿಯರು ಬಿಂಗೋ ಎಂಬ ಅಂಕಿಯಾಟ ಆಡುವ ಸಭಾಂಗಣಕ್ಕೆ ನುಗ್ಗಿತು. ಫೆಬ್ರುವರಿಯ ಒಂದು ಗುರುವಾರ ಅದನ್ನು ಓದುತ್ತಿದ್ದಾಗ ಮನೆಗೆ ಹೋಗುವ ಗಂಟೆ ಹೊಡೆಯಿತು. ವಿನಿಫ್ರೆಡ್ ಕಾಗದಗಳನ್ನು ಜೋಡಿಸಿಕೊಂಡು ಎದ್ದರು. ಯಾರೂ ಕದಲಲಿಲ್ಲ.

"ಕತ್ತೆ ಇನ್ನೂ ಒಳಗೇ ಇದೆಯಲ್ಲ ಮಿಸ್," ಎಂದಳು ಕರ್ಸ್ಟಿ. "ನಾವು ಹೆಂಗೆ ಹೋಗೋದು?"

ಮಕ್ಕಳೇಕೆ ಬರಲಿಲ್ಲವೆಂದು ಗೇಟಿನಿಂದ ಹುಡುಕಿಕೊಂಡು ಬಂದ ತಾಯಂದಿರು ನೀರಿಳಿಯುವ ಕೊಡೆ ಹಿಡಿದು ಬಾಗಿಲಲ್ಲೇ ನಿಂತರು. ವಿನಿಫ್ರೆಡ್ ಮತ್ತೆ ಕುಳಿತು ಮುಂದಿನ ಪುಟ ತೆಗೆದರು.