ಬೀಗ ಹಾಕಿದ ಮೇಲೆ

ಆ ಪ್ರಾಥಮಿಕ ಶಾಲೆಗೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುವವಳೂ ಸಂಜೆ ಎಲ್ಲರಿಗಿಂತ ಕೊನೆಗೆ ಹೊರಡುವವಳೂ ಆಯಮ್ಮ. ಕಸ ಗುಡಿಸುವುದು, ಕುಡಿಯುವ ನೀರು ತುಂಬಿಸುವುದು, ತರಚಿದ ಮೊಣಕಾಲಿಗೆ ಔಷಧಿ ಹಚ್ಚುವುದು, ಚಡ್ಡಿ ಒದ್ದೆ ಮಾಡಿಕೊಂಡ ಪುಟಾಣಿಗೆ ಯಾರ ಕಣ್ಣಿಗೂ ಬೀಳದಂತೆ ಬಟ್ಟೆ ಬದಲಿಸುವುದು, ಎಲ್ಲವೂ ಅವಳದೇ. ಅವಳ ಸೆರಗಿಗೆ ಮೂಗು ಒರೆಸಿದ ಎಷ್ಟೋ ಮಕ್ಕಳು ಈಗ ತಮ್ಮ ಮಕ್ಕಳನ್ನು ಬಿಡಲು ಬರುತ್ತಾರೆ. ಸಂಜೆ ಕೋಣೆಗಳಿಗೆಲ್ಲ ಬೀಗ ಜಡಿದು, ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ ಬಸ್ಸು ಹತ್ತಿದರೆ ಅವಳ ದಿನ ಮುಗಿಯುತ್ತಿತ್ತು.

ಕಳೆದ ವರ್ಷದವರೆಗೆ ಹಾಗೆ.

ಒಂದು ಸಂಜೆ ಒಂದನೇ ತರಗತಿಯ ಹುಡುಗಿಯೊಬ್ಬಳು ಕೊನೆಯ ಬೆಂಚಿನ ಕೆಳಗೆ, ಸುತ್ತಿಟ್ಟ ಚಾಪೆಗಳ ಮಗ್ಗುಲಲ್ಲಿ ನಿದ್ದೆ ಹೋಗಿದ್ದಳು. ಆಯಮ್ಮ ಬಾಗಿಲಿನಿಂದಲೇ ಕಣ್ಣಾಡಿಸಿ ಬೀಗ ಹಾಕಿದಳು. ತಾಯಿ ಗಾಬರಿಯಿಂದ ಹುಡುಕಿಕೊಂಡು ಬಂದಾಗ ಆಯಮ್ಮ ಇನ್ನೂ ಬಸ್ ನಿಲ್ದಾಣದಲ್ಲಿ ಯಾರೊಂದಿಗೋ ನಗುತ್ತ ನಿಂತಿದ್ದಳು. ಓಡಿ ಬಂದು ಬಾಗಿಲು ತೆರೆದರೆ, ಮಗು ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತಿತ್ತು. ಅತ್ತು ಅತ್ತು ದನಿಯೇ ಉಳಿದಿರಲಿಲ್ಲ. ಕೂಡಿ ಹಾಕಿದವಳ ಕಾಲನ್ನೇ ಬಂದು ತಬ್ಬಿಕೊಂಡಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ವಾರ ಕಳೆಯುವಷ್ಟರಲ್ಲಿ ಮಗು ಎಲ್ಲ ಮರೆತು ಅಂಗಳದಲ್ಲಿ ಹಗ್ಗ ಜಿಗಿಯುತ್ತಿತ್ತು. ಮರೆಯಲಾಗದೆ ಹೋದವಳು ಆಯಮ್ಮ.

ಮೊದಮೊದಲು ಬೀಗ ಹಾಕಿದ ಮೇಲೆ ಇನ್ನೊಮ್ಮೆ ತೆಗೆದು ನೋಡುತ್ತಿದ್ದಳು. ಆಮೇಲೆ ಬಸ್ಸು ಹತ್ತಿದರೂ ಎದೆ ಡವಡವ ಎಂದು, ಮುಂದಿನ ನಿಲ್ದಾಣದಲ್ಲೇ ಇಳಿದು ಹಿಂದಕ್ಕೆ ನಡೆಯತೊಡಗಿದಳು. ಬೆಂಚಿನ ಕೆಳಗೆ, ಬೀರುವಿನ ಹಿಂದೆ, ಕೊನೆಗೆ ನೀರಿನ ಡ್ರಮ್ಮಿನೊಳಗೂ ಇಣುಕಿದಳು. ಎಲ್ಲ ಖಾಲಿ. ಆದರೆ ಬೀಗ ಕ್ಲಿಕ್ ಎಂದ ಕೂಡಲೇ ಖಾಲಿ ಎಂಬ ಮಾತು ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಈಗಷ್ಟೇ ನೋಡಿದ ಕಣ್ಣನ್ನೇ ನಂಬಲಾಗುತ್ತಿರಲಿಲ್ಲ.

"ಅಮ್ಮ, ನೀನು ಅಪ್ಪನ ಬದ್ಲು ಆ ಬೀಗಾನೇ ಮದ್ವೆ ಆಗ್ಬೇಕಿತ್ತು," ಎಂದು ಮಗಳು ರೇಗಿಸಿದಳು. ಆಯಮ್ಮ ನಕ್ಕಳು. ಆದರೆ ತಟ್ಟೆಯ ಅನ್ನವನ್ನು ಹಾಗೇ ಬಿಟ್ಟು ಎದ್ದಳು.

ಮರೆತ ಕನ್ನಡಕಕ್ಕೆಂದು ಹೆಡ್ ಮಿಸ್ ಒಂದು ಸಂಜೆ ಶಾಲೆಗೆ ಮರಳಿದರು. ಮೂರನೇ ತರಗತಿಯ ಬಾಗಿಲು ತೆರೆದಿತ್ತು. ಒಳಗೆ ಆಯಮ್ಮ ನೆಲಕ್ಕೆ ಮಂಡಿಯೂರಿ, ಬೆಂಚುಗಳ ಕೆಳಗೆ ಕೈಯಾಡಿಸುತ್ತ ಪಿಸುಗುಡುತ್ತಿದ್ದಳು: "ಪುಟ್ಟಾ, ಇದ್ದೀಯೇನಮ್ಮ? ಇದ್ರೆ ಬಂದ್ಬಿಡೇ..."

ಹೆಡ್ ಮಿಸ್‌ರನ್ನು ಕಂಡೊಡನೆ ಗೊಂಚಲನ್ನು ಹೊಟ್ಟೆಗೆ ಅವುಚಿಕೊಂಡಳು. "ಬೀಗದ ಕೈ ಕಿತ್ಕೋಬೇಡಿ ಮಿಸ್. ಇದೂ ಹೋದ್ರೆ ನಾನು ಏನಕ್ಕೂ ಬಾರದವಳು ಅಂತಾಗತ್ತೆ."

ಹೆಡ್ ಮಿಸ್ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. "ಕಿತ್ಕೊಳ್ಳಲ್ಲ. ಆದ್ರೆ ಗುರುವಾರ ಮಾತಿನ ಮಿಸ್ ಹತ್ರ ಹೋಗಿ ಕೂರ್ಬೇಕು."

ಮಂಕಾದ ಮಕ್ಕಳ ಜೊತೆ ಮಾತಾಡಲು ವಾರಕ್ಕೊಮ್ಮೆ ಬರುವ ಆಪ್ತ ಸಮಾಲೋಚಕಿಗೆ ಮಕ್ಕಳೇ ಇಟ್ಟ ಹೆಸರದು.

"ನಂಗೇನು ಹುಚ್ಚಾ ಮಿಸ್?"

"ಅಲ್ಲಿಗೆ ಹೋಗೋ ಮಕ್ಕಳಿಗೆ ಹುಚ್ಚಾ, ಆಯಮ್ಮ? ನೀವೇ ತಾನೆ ಕೈ ಹಿಡಿದು ಕರ್ಕೊಂಡು ಹೋಗೋದು?"

ಗುರುವಾರ ಆಯಮ್ಮ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಳು. "ಎದ್ದರೆ ಕುರ್ಚಿನೂ ಜೊತೆಗೇ ಬರತ್ತೆ," ಎಂದು ತಾನೇ ನಗಾಡಿದವಳು, ಮರುಕ್ಷಣ ಬಿಕ್ಕಿ ಬಿಕ್ಕಿ ಅತ್ತಳು.

ಮಾತಿನ ಮಿಸ್ ನೀರು ಕೊಟ್ಟು, ನಡೆದದ್ದನ್ನೆಲ್ಲ ಅವಳ ಬಾಯಿಂದಲೇ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಪ್ರತಿ ಸಲ ವಾಪಸ್ ಹೋಗಿ ನೋಡಿದಾಗ್ಲೂ ಆ ಭಯಕ್ಕೆ ಕರೆದು ಊಟ ಹಾಕ್ದಂಗೆ. ನಾಳೆ ಮತ್ತೆ ಬಾಗಿಲಿಗೆ ಬರತ್ತೆ. ಒಂದೇ ಸಲ ನಿಧಾನವಾಗಿ ನೋಡಿ, ಬೀಗ ಹಾಕಿ, ಬಸ್ಸು ಹತ್ತಿ. ಭಯ ಬರ್ಲಿ. ಜೋರಾಗತ್ತೆ, ಆಮೇಲೆ ತಾನಾಗೇ ಕಡಿಮೆ ಆಗತ್ತೆ."

"ನಿಜಕ್ಕೂ ಒಳಗೆ ಮಗು ಇದ್ರೆ?"

ಅದಕ್ಕೆ ಮರುದಿನ ಉತ್ತರ ಕೊಟ್ಟವರು ಹೆಡ್ ಮಿಸ್. ಪ್ರತಿ ಮಗುವನ್ನೂ ತರಗತಿಯ ಟೀಚರೇ ಗೇಟಿನಲ್ಲಿ ಮನೆಯವರ ಕೈಗೆ ಒಪ್ಪಿಸಬೇಕು, ಅದಾದ ಮೇಲಷ್ಟೇ ಬೀಗ ಎಂದು ನಿಯಮ ಮಾಡಿದರು. "ಇಷ್ಟು ವರ್ಷ ಇಡೀ ಶಾಲೆನ ನಿಮ್ಮೊಬ್ಬರ ತಲೆ ಮೇಲೆ ಹಾಕಿದ್ವಿ. ಅದು ನಮ್ಮ ತಪ್ಪು, ಆಯಮ್ಮ."

ಮೊದಲ ವಾರ ಮೂರನೇ ತರಗತಿಯ ಟೀಚರ್ ಬಸ್ಸಿನವರೆಗೆ ಜೊತೆಗೆ ಬಂದರು. ಆಮೇಲೆ ಆಯಮ್ಮ ಒಬ್ಬಳೇ.

ಒಬ್ಬಳೇ ಹೊರಟ ಮೊದಲ ಸಂಜೆ ಪ್ರತಿ ಬೆಂಚನ್ನೂ ಮುಟ್ಟಿ ನೋಡಿದಳು. ಬೀಗ ಹಾಕಿದಳು. ರಸ್ತೆ ದಾಟಿ ನಿಂತಳೋ ಇಲ್ಲವೋ, ಶಾಲೆಯ ಕಡೆಯಿಂದ ಸಣ್ಣಗೆ ಅಳು ಕೇಳಿತು. ಕಿವಿಗೊಟ್ಟಳು. ಇಲ್ಲ. ಇದೆ. ಇಲ್ಲ. ಅವತ್ತು ಮಗು ನಿಜವಾಗಿ ಅತ್ತಾಗ ಈ ಕಿವಿಗೆ ಏನೂ ಕೇಳಿಸಿರಲಿಲ್ಲ. ಈಗ ಇದರ ಮಾತನ್ನು ನಂಬುವುದು ಹೇಗೆ?

ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಲೆ ಹಿಂದಕ್ಕೆ ತಿರುಗಿಸಿ ನಿಂತೇಬಿಟ್ಟಳು.

"ಹತ್ತೋದಾದ್ರೆ ಹತ್ತಮ್ಮ," ಎಂದ ಕಂಡಕ್ಟರ್. "ಇಲ್ಲ, ಮುಹೂರ್ತ ಇನ್ನೂ ಬಂದಿಲ್ವಾ?"

ಯಾರೋ ನಕ್ಕರು. ಆಯಮ್ಮ ಕಣ್ಣು ಮುಚ್ಚಿ ಇನ್ನೊಂದು ಕಾಲನ್ನೂ ಎಳೆದುಕೊಂಡಳು. ಬಾಗಿಲು ಮುಚ್ಚಿತು.

ಕೂತ ಮೇಲೆ ಭಯ ಕುತ್ತಿಗೆಯವರೆಗೆ ಏರಿತು. ಕಣ್ಣೆದುರಿಗೆ ಶಾಲೆಯ ಕಿಟಕಿಯ ಸರಳು, ಅದಕ್ಕೆ ಒತ್ತಿದ ಪುಟ್ಟ ಮುಖ. ಅವಳು ಇಳಿದು ವಾಪಸ್ ನಡೆಯುತ್ತಿದ್ದ ಆ ಮುಂದಿನ ನಿಲ್ದಾಣ ಬಂತು. ಎದುರಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಯಾಕಕ್ಕ, ಹುಷಾರಿಲ್ವಾ?" ಪಕ್ಕದಲ್ಲಿದ್ದ ಹೆಂಗಸು ಕೇಳಿದಳು.

ಏನಿಲ್ಲ ಎನ್ನುವುದು ಆಯಮ್ಮನಿಗೆ ರೂಢಿ. ಇವತ್ತು ಬಾಯಿಗೆ ಅದು ಬರಲಿಲ್ಲ. "ತುಂಬಾ ಭಯ ಆಗ್ತಿದೆ ಕಣಮ್ಮ," ಎಂದಳು.

ಆ ಹೆಂಗಸು ಎದ್ದು ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟಳು. ಆಯಮ್ಮ ಕಂಬಿ ಬಿಡದೆಯೇ ಒಳಕ್ಕೆ ಸರಿದು ಕೂತಳು. ಬಸ್ಸು ನಿಲ್ದಾಣ ಬಿಟ್ಟು ಮುಂದಕ್ಕೆ ಹೊರಟಿತು.