ಪಟ್ಟಂನ ಕಾಂಪೌಂಡ್ ಗೋಡೆಯ ಚಾನೆಲ್

2008ರಲ್ಲಿ ನಾನು ಕೊಚ್ಚಿಯ ಕಲೂರಿನಲ್ಲಿದ್ದ ಒಂದು ಸಣ್ಣ ವಿಡಿಯೋ ಸ್ಟುಡಿಯೋದಲ್ಲಿ ಪ್ರೊಡ್ಯೂಸರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವುದು, ಸಂಸ್ಥೆಗಳಿಗೆ ತರಬೇತಿ ಚಿತ್ರ ಮಾಡಿಕೊಡುವುದು, ಕ್ಯಾಮೆರಾದವರಿಗೆ ಹೊತ್ತಿಗೆ ಸರಿಯಾಗಿ ಊಟ ತರಿಸುವುದು. ನಾನು ಕಾಸರಗೋಡಿನವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ. ಎರಡನ್ನೂ ಯಾವಾಗ ಕಲಿತೆನೆಂದು ನೆನಪಿಲ್ಲದ್ದರಿಂದ ಅದೊಂದು ವಿದ್ಯೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ.

ನಮ್ಮ ಮಾಲೀಕರ ಹೆಸರು ಬೇಬಿ. ಐವತ್ತು ದಾಟಿದ, ದಪ್ಪ ಮೀಸೆಯ ಗಂಡಸು. ಕೇರಳದಲ್ಲಿ ಆ ಹೆಸರಿಗೆ ಯಾರೂ ನಗುವುದಿಲ್ಲ. ಆ ವರ್ಷ ಸ್ಟುಡಿಯೋಗೆ ಬ್ರಾಡ್‌ಬ್ಯಾಂಡ್ ಬಂತು. ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ತಮ್ಮದೇ ಚಾನೆಲ್ ತೆರೆಯಬಹುದು ಎಂದು ತಿಳಿದ ಮೇಲೆ ಬೇಬಿ ಸರ್ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜವಾಬ್ದಾರಿಯನ್ನು ನನಗೆ ವಹಿಸಿದರು.

"ಓಣಂವರೆಗೆ ನೋಡೋಣ ಮೋಳೇ," ಎಂದರು. ಮೋಳೇ ಎಂದರೆ ಮಗಳೇ. "ಯಾರೂ ನೋಡದಿದ್ದರೆ ನಿನಗೆ ಮದುವೆಯೇ ಗತಿ."

ಮದುವೆ ವಿಡಿಯೋದ ಎಡಿಟಿಂಗ್ ಎಂದು ಅವರ ಅರ್ಥ. ನನಗಿನ್ನೂ ಮದುವೆಯಾಗಿರಲಿಲ್ಲವಾದ್ದರಿಂದ ಸ್ಟುಡಿಯೋದಲ್ಲಿ ಎಲ್ಲರೂ ಗೊಳ್ಳೆಂದರು. ನನಗೆ ಮಾತ್ರ ನಗು ಬರಲಿಲ್ಲ. ಅಳುವ ತಾಯಂದಿರ ಮುಖಕ್ಕೆ ಹಾಡು ಜೋಡಿಸಿ ಜೋಡಿಸಿ ನಾನು ಬೇಸತ್ತುಹೋಗಿದ್ದೆ. ನನ್ನದೇ ಎನ್ನುವಂಥದ್ದು ಏನಾದರೂ ಮಾಡಬೇಕಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಬೇಬಿ ಸರ್ ಹೆಂಡತಿ ಮೀನಿನ ಕರಿ ಮಾಡಿದರು, ನಾವು ಚಿತ್ರೀಕರಿಸಿದೆವು. ಕರಿ ಅದ್ಭುತವಾಗಿತ್ತು, ವಿಡಿಯೋ ಯಾರ ಕಣ್ಣಿಗೂ ಬೀಳಲಿಲ್ಲ. ಹುಡುಕಿದರೆ ಮೀನಿನ ಕರಿಯ ವಿಡಿಯೋಗಳು ಪುಟದ ಮೇಲೆ ಪುಟ. ಮಿಮಿಕ್ರಿ ಮಾಡಿಸಿದೆವು, ಅದರದ್ದೂ ಅದೇ ಕಥೆ. ನಮ್ಮದನ್ನು ನೋಡಿದವರೆಲ್ಲ ಬೇಬಿ ಸರ್ ನೆಂಟರು, ಅದೂ ಅವರು ಫೋನ್ ಮಾಡಿ ಹೇಳಿದ ಮೇಲೆ.

ಈಗ ಈ ಕಸುಬಿನವರು 'ನಿಶ್' ಎಂಬ ಮಾತನ್ನು ಬಳಸುತ್ತಾರೆ. ಪೈಪೋಟಿ ಕಡಿಮೆ ಇರುವ, ತನ್ನದೇ ನೋಡುಗರಿರುವ ಸಣ್ಣ ವಿಷಯ ಎಂದು ಅರ್ಥ. ಆಗ ನನಗೆ ಆ ಪದ ಗೊತ್ತಿರಲಿಲ್ಲ. ನೂಕುನುಗ್ಗಲಿಲ್ಲದ ಒಂದು ಬಾಗಿಲು ಬೇಕು ಎಂಬುದಷ್ಟೇ ಗೊತ್ತಿತ್ತು.

ಜೂನ್‌ನಲ್ಲಿ ಒಂದು ತರಬೇತಿ ಚಿತ್ರಕ್ಕಾಗಿ ತಿರುವನಂತಪುರಕ್ಕೆ ಹೋದೆ. ಅಲ್ಲಿನ ಸಂಸ್ಥೆಯಲ್ಲಿ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡ ಮೈಸೂರಿನ ವಿಜ್ಞಾನಿಯೊಬ್ಬರು, "ಕನ್ನಡದವರಾ? ಹಾಗಾದ್ರೆ ಊಟಕ್ಕೆ ನಮ್ಮನೆಗೆ ಬರಲೇಬೇಕು. ನಮ್ಮ ಮನೆಯವ್ರು ಕನ್ನಡ ಮಾತಾಡಿ ತಿಂಗಳುಗಳಾಯ್ತು," ಎಂದು ಅದೇ ಊರಿನ ಪಟ್ಟಂ ಬಡಾವಣೆಯ ಮನೆಗೆ ಕರೆದೊಯ್ದರು.

ಅವರ ಹೆಂಡತಿ ನಳಿನಿ. ಮೈಸೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದವರು, ಗಂಡನ ವರ್ಗಾವಣೆಗಾಗಿ ಕೆಲಸ ಬಿಟ್ಟು ಬಂದಿದ್ದರು. ಅಮ್ಮ ಕನ್ನಡದಲ್ಲಿ ಕೇಳಿದರೆ ಮಗಳು ಮಲಯಾಳದಲ್ಲಿ ಉತ್ತರಿಸಿ ಟ್ಯೂಷನ್ನಿಗೆ ಹೋದಳು. ಬಿಸಿಬೇಳೆಬಾತ್ ಬಡಿಸುತ್ತಾ ನಳಿನಿಯವರು ಮಾತಾಡಿದ್ದೇ ಮಾತಾಡಿದ್ದು.

"ಅಂಗಡಿಗೆ ಹೋಗೋದೇ ಬಿಟ್ಟಿದೀನಿ ಕಣ್ರೀ," ಎಂದರು. "ಮೊನ್ನೆ ಸಾಮಾನಿನ ಪಟ್ಟಿ ಕೌಂಟರ್ ಮೇಲಿಟ್ಟಿದ್ದೆ, ಕಾಣಲಿಲ್ಲ. ನನ್ನ ಪಟ್ಟಿ ಎಲ್ಲಿ ಅನ್ನೋಕೆ 'ಎನ್ಡೆ ಪಟ್ಟಿ ಎವಿಡೆ?' ಅಂತ ಕೇಳ್ದೆ. ಅಂಗಡಿಯವ್ರು ಗಾಬರಿಯಾಗಿ ರಸ್ತೆಗೆ ಓಡಿದ್ರು. ಬಣ್ಣ ಯಾವುದು ಅಂದ್ರು. ಬಿಳಿ, ಚಿಕ್ಕದು ಅಂದೆ. ಇಬ್ರು ಹುಡುಕೋಕೆ ಹೊರಟ್ರು. ಇಷ್ಟೊಂದು ಯಾಕಪ್ಪ ಅಂತ ನಾನು, ಇಲ್ಲೇ ನಾಲ್ಕಾಗಿ ಮಡಿಚಿ ಇಟ್ಟಿದ್ದೆ ಅಂತ ಕೈಯಲ್ಲಿ ಮಡಚಿ ತೋರಿಸ್ದೆ. ಅವ್ರು ನನ್ನ ಮುಖ ನೋಡಿದ್ದು ಇನ್ನೂ ಕಣ್ಣಲ್ಲಿದೆ."

ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ನನಗೆ ಅನ್ನ ನೆತ್ತಿಗೇರಿತು. ನಾನು ಕೆಮ್ಮಿ ನಕ್ಕು ಕಣ್ಣೊರೆಸಿಕೊಳ್ಳುವಾಗ ನೋಡಿದರೆ ಅವರ ಕಣ್ಣಲ್ಲೂ ನೀರಿತ್ತು. ಅದು ಬರೀ ನಗುವಿನದ್ದಲ್ಲ.

"ಮೂವತ್ತು ಮಕ್ಕಳ ಮುಂದೆ ಗಂಟೆಗಟ್ಟಲೆ ಮಾತಾಡ್ತಿದ್ದವಳು ನಾನು. ಇಲ್ಲಿ ಮೂಗಿ ಆಗ್ಬಿಟ್ಟೆ."

ಆಗಲೇ ಪಕ್ಕದ ಮನೆಯ ಓಮನ ಚೇಚಿ ಕಾಂಪೌಂಡ್ ಗೋಡೆಯ ಆಚೆಯಿಂದ ಕರೆದರು. ಚೇಚಿ ಎಂದರೆ ಅಕ್ಕ. ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಮಲಯಾಳಿ ಹೆಂಗಸು; ಕೈಯಲ್ಲಿ ಬಾಳೆಎಲೆಯಲ್ಲಿ ಬೇಯಿಸಿದ ಬಿಸಿ ಸಿಹಿ ಅಡೆಯ ತಟ್ಟೆ. ನಳಿನಿಯವರು ಒಳಗೆ ಕರೆದು, ಮೇಷ್ಟ್ರಮ್ಮನ ಶುದ್ಧ ಕನ್ನಡದಲ್ಲಿ "ಕುಳಿತುಕೊಳ್ಳಿ" ಎಂದರು.

ಓಮನ ಚೇಚಿ ನನ್ನ ಕಡೆ ತಿರುಗಿ ಮಲಯಾಳದಲ್ಲಿ, "ನಾನು ಬೆಳಿಗ್ಗೆಯೇ ಸ್ನಾನ ಮಾಡಿದ್ದೇನೆ. ಈಕೆ ಯಾಕೆ ಬಂದಾಗಲೆಲ್ಲ ಸ್ನಾನ ಮಾಡು ಅನ್ನುತ್ತಾಳೆ?" ಎಂದು ಕೇಳಿದರು. ಅವರ ಭಾಷೆಯಲ್ಲಿ ಕುಳಿ ಎಂದರೆ ಸ್ನಾನ. ತಿಂಗಳುಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಸಂಶಯ ಪಾಪ!

ಇಬ್ಬರಿಗೂ ನಾನು ಅರ್ಥ ಬಿಡಿಸಿ ಹೇಳಿದಾಗ ಆ ಮನೆಯಲ್ಲಿ ಎದ್ದ ನಗು ಇದೆಯಲ್ಲ, ಅದನ್ನು ಸೆರೆಹಿಡಿಯಲು ಕ್ಯಾಮೆರಾ ಜೊತೆಗಿಲ್ಲವಲ್ಲ ಎಂದು ಕೈ ಕೈ ಹಿಸುಕಿಕೊಂಡೆ. ಬಾಗಿಲು ಸಿಕ್ಕಿತ್ತು.

ಕೊಚ್ಚಿಗೆ ಮರಳಿ ಹುಡುಕಿದೆ. ಕನ್ನಡದವರಿಗೆ ಮಲಯಾಳ ಕಲಿಸುವ ವಿಡಿಯೋ ಒಂದೂ ಕಾಣಲಿಲ್ಲ. ಬೇಬಿ ಸರ್ ತಲೆಯಾಡಿಸಿದರು.

"ಯಾರೂ ಮಾಡಿಲ್ಲ ಅಂದರೆ ಯಾರಿಗೂ ಬೇಡ ಅಂತಲೂ ಆಗಬಹುದಲ್ಲ?"

ಅದು ಸರಿಯಾದ ಪ್ರಶ್ನೆ. ಪೈಪೋಟಿ ಇಲ್ಲದ ಜಾಗವೆಲ್ಲ ಒಳ್ಳೆಯ ಜಾಗವಲ್ಲ. ಮರುಭೂಮಿಯಲ್ಲೂ ಅಂಗಡಿಗಳ ಪೈಪೋಟಿ ಇಲ್ಲ. ನಾನು ತಿರುವನಂತಪುರದ, ತ್ರಿಪ್ಪುಣಿತ್ತುರದ ಕನ್ನಡ ಮನೆಗಳಿಗೆ ಫೋನ್ ಮಾಡತೊಡಗಿದೆ. ಪ್ರತಿ ಮನೆಯಲ್ಲೂ ಒಂದೊಂದು ಕಥೆ. ಒಬ್ಬರು ಬೆಲ್ಲ ಕೇಳಿ ನೀರು ಪಡೆದಿದ್ದರು, ಏಕೆಂದರೆ ನೀರಿಗೆ ಇಲ್ಲಿ ವೆಳ್ಳಂ. ಇನ್ನೊಬ್ಬರಿಗೆ ಅಪರಿಚಿತನೊಬ್ಬ "ಮಲಯಾಳಂ ಸಂಸಾರಿಕ್ಕುಮೋ?" ಎಂದಾಗ ನಮ್ಮ 'ಸಂಸಾರ' ಕೇಳಿಸಿ ಸಿಟ್ಟು ಬಂದಿತ್ತು. ಮಲಯಾಳ ಮಾತಾಡುತ್ತೀರಾ ಎಂದಷ್ಟೇ ಅವನು ಕೇಳಿದ್ದು. ಫೋನ್ ಇಡುವ ಮುಂಚೆ ಎಲ್ಲರೂ ಕೇಳುತ್ತಿದ್ದರು, ಯಾವಾಗ ಬರುತ್ತೆ ನಿಮ್ಮ ವಿಡಿಯೋ?

ಮತ್ತೆ ಪಟ್ಟಂಗೆ ಹೋದೆ. ಕ್ಯಾಮೆರಾ ಮುಂದೆ ಬರಲು ನಳಿನಿಯವರನ್ನು ಒಪ್ಪಿಸುವುದು ಕಷ್ಟವಾಯಿತು. "ಅಂಗಡಿಯಲ್ಲಿ ನಕ್ಕಿದ್ದು ಸಾಲ್ದು ಅಂತ ಊರಿಗೆಲ್ಲ ತೋರಿಸಿ ನಗಿಸ್ತೀರಾ?" ಎಂದು ಮುಖ ತಿರುಗಿಸಿದರು.

"ಹಾಗೆಂತ ಇಲ್ಲ ಅಕ್ಕಾ," ಎಂದೆ. "ನೀವೊಬ್ಬರೇ ತಪ್ಪು ಮಾಡುದಲ್ಲ. ಓಮನ ಚೇಚಿ ಕನ್ನಡದಲ್ಲಿ ತಪ್ಪು ಮಾಡ್ತಾರೆ, ನೀವು ಮಲಯಾಳದಲ್ಲಿ. ನಿಮ್ಮದನ್ನು ಅವರು ತಿದ್ದುದು, ಅವರದ್ದನ್ನು ನೀವು. ಲೆಕ್ಕ ಸಮ ಉಂಟು."

ಗೋಡೆಯಾಚೆಯಿಂದ ಓಮನ ಚೇಚಿ, ನಾನು ಕಲಿಸಿಕೊಟ್ಟ ಕನ್ನಡದಲ್ಲಿ, "ಬನ್ನಿ ನಳಿನಿ, ಜಗಳ ಮಾಡೋಣ!" ಎಂದು ಕೂಗಿದರು. ನಳಿನಿಯವರು ನಕ್ಕರು. ಕೆಲಸ ಆಯಿತು.

ಅದೇ ಗೋಡೆಯೇ ನಮ್ಮ ಸೆಟ್. ಆಚೆ ಒಬ್ಬರು, ಈಚೆ ಒಬ್ಬರು. ಜಾಲತಾಣದ ನಿಯಮದಂತೆ ಒಂದು ವಿಡಿಯೋ ಹತ್ತು ನಿಮಿಷ ಮೀರುವಂತಿರಲಿಲ್ಲ, ಇವರಿಬ್ಬರು ಹತ್ತು ನಿಮಿಷಕ್ಕೆ ನಿಲ್ಲುವವರಲ್ಲ. ಬರೆದುಕೊಟ್ಟ ಸಂಭಾಷಣೆ ಎರಡನೇ ದಿನವೇ ಮೂಲೆ ಸೇರಿತು. ಪಾಠ ಮಾಡುವ ಅಭ್ಯಾಸ ನಳಿನಿಯವರನ್ನು ಬಿಟ್ಟಿರಲಿಲ್ಲ. ಓಮನ ಚೇಚಿ 'ಹ'ಕಾರ ನುಂಗಿದರೆ ಗೋಡೆ ತಟ್ಟಿ ಮತ್ತೆ ಹೇಳಿಸುತ್ತಿದ್ದರು. ಎಡಿಟಿಂಗ್ ಮಾಡುವಾಗ ನಾನು ಒಬ್ಬಳೇ ಕೂತು ನಗುವುದನ್ನು ಕಂಡು ಮದುವೆ ವಿಭಾಗದವರು ಬಂದು ಹಿಂದೆ ನಿಲ್ಲುತ್ತಿದ್ದರು.

ಮೊದಲ ವಾರಗಳಲ್ಲಿ ನೋಡಿದವರು ಕೆಲವೇ ಮಂದಿ, ನಾನು ಫೋನ್ ಮಾಡಿದ್ದ ಮನೆಗಳವರೇ. ಬೇಬಿ ಸರ್ ಓಣಂಗೆ ಎಷ್ಟು ದಿನವೆಂದು ಕ್ಯಾಲೆಂಡರ್ ನೋಡುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಸ್ನಾನದ ಕಂತಿನ ಕೆಳಗೆ ಒಂದು ಪ್ರತಿಕ್ರಿಯೆ ಬಂತು. ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಕೊಟ್ಟಾಯಂ ಹುಡುಗಿ ಜಿನ್ಸಿ ಬರೆದಿದ್ದಳು: ಕನ್ನಡ ಚೇಚಿ ಸ್ವಲ್ಪ ನಿಧಾನವಾಗಿ ಮಾತಾಡಲಿ, ಹಾಸ್ಟೆಲಿನಲ್ಲಿ ನಾವೆಲ್ಲ ಸೇರಿ ಕನ್ನಡ ಕಲಿಯುತ್ತಿದ್ದೇವೆ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕೇರಳಕ್ಕೆ ಬಂದ ಕನ್ನಡಿಗರನ್ನಷ್ಟೇ ನಾನು ಎಣಿಕೆಗೆ ಹಿಡಿದಿದ್ದೆ. ಕರ್ನಾಟಕದ ನರ್ಸಿಂಗ್ ಕಾಲೇಜುಗಳ ತುಂಬ ಇದ್ದ ಮಲಯಾಳಿ ಹುಡುಗಿಯರು ನೆನಪಿಗೇ ಬಂದಿರಲಿಲ್ಲ! ಕೂಡಲೇ ಪಟ್ಟಂಗೆ ಫೋನ್ ಮಾಡಿದೆ. ಮುಂದಿನ ಕಂತಿನಲ್ಲಿ ಓಮನ ಚೇಚಿ ರೋಗಿ, ನಳಿನಿಯವರು ಡಾಕ್ಟರ್. "ಎಲ್ಲಿ ನೋವು? ಊಟ ಆಯ್ತಾ? ಮಾತ್ರೆ ತಗೊಂಡ್ರಾ?" ಆ ಕಂತು ಹಾಸ್ಟೆಲಿನಿಂದ ಹಾಸ್ಟೆಲಿಗೆ ಹಬ್ಬಿತು. ಪ್ರತಿಕ್ರಿಯೆಗಳನ್ನು ಓದಿ ಮುಗಿಸಲಾಗದ ದಿನ ಬೇಬಿ ಸರ್ ಇಡೀ ಸ್ಟುಡಿಯೋಗೆ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತರಿಸಿದರು. ನನ್ನನ್ನು ನೋಡಿ, "ಇನ್ನು ನಿನಗೆ ಮದುವೆ ಇಲ್ಲ," ಎಂದು ಘೋಷಿಸಿದರು.

ಓಣಂ ರಜೆಗೆ ಊರಿಗೆ ಬಂದ ಜಿನ್ಸಿ ಅಮ್ಮನನ್ನು ಕರೆದುಕೊಂಡು ಪಟ್ಟಂವರೆಗೆ ಬಂದಳು. ಆ ದಿನ ನಾನೂ ಅಲ್ಲಿದ್ದೆ. ವಾರ್ಡಿನಲ್ಲಿ ಒಬ್ಬ ಅಜ್ಜಿ ಏನು ಹೇಳಿದರೂ ತಾನು ಸುಮ್ಮನೆ ನಗುತ್ತಿದ್ದೆನೆಂದೂ, ಈಗ "ಎಲ್ಲಿ ನೋವಜ್ಜಿ?" ಎಂದು ಕೇಳಿದರೆ ಅಜ್ಜಿ ನೋವು ಬಿಟ್ಟು ಸೊಸೆಯ ಕಥೆಯನ್ನೆಲ್ಲ ಹೇಳುತ್ತಾಳೆಂದೂ ಅವಳು ಕನ್ನಡದಲ್ಲೇ ಹೇಳಿದಳು. ನಳಿನಿಯವರು ತಿದ್ದುವುದನ್ನೇ ಮರೆತು ಕೇಳುತ್ತಿದ್ದರು.

ಆಮೇಲೆ ನಾನು ಎಷ್ಟೋ ಚಾನೆಲ್‌ಗಳಿಗೆ ಕೆಲಸ ಮಾಡಿದೆ. ಹೊಸಬರು ಪೈಪೋಟಿ ಇಲ್ಲದ ವಿಷಯ ಯಾವುದು ಎಂದು ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಹುಡುಕಿದರೆ ಖಾಲಿ ಜಾಗ ಕಾಣುತ್ತದೆ. ಅಲ್ಲಿ ಯಾರು ಕಾದಿದ್ದಾರೆ ಎಂಬುದು ಜನರ ಜೊತೆ ಮಾತಾಡಿದರೇ ತಿಳಿಯುವುದು. ನಾನು ಅವರಿಗೆ ಇಷ್ಟೇ ಹೇಳುತ್ತೇನೆ, ಆಮೇಲೆ ಜಿನ್ಸಿಯ ಅಮ್ಮನ ಮಾತು ಹೇಳುತ್ತೇನೆ. ಮಗಳ ಕನ್ನಡದ ಒಂದಕ್ಷರವೂ ಅರ್ಥವಾಗದೆ ಅಷ್ಟು ಹೊತ್ತು ಕೂತಿದ್ದ ಆಕೆ, ಹೊರಡುವಾಗ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು:

"ಇವಳು ಚೆನ್ನಾಗಿ ಮಾತಾಡುತ್ತಾಳೆ, ಅಲ್ಲವಾ?"