ಚಂದ್ರಿ ಓಡುವುದಿಲ್ಲ

ಬೆಳಗಿನ ಆರು ಗಂಟೆ. ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹೂವಿನ ಮೂಟೆಗಳು ಇನ್ನೂ ಇಳಿಯುತ್ತಿವೆ. ಸುಕನ್ಯ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾರೆ. ಇಪ್ಪತ್ತೆರಡು ಮೆಟ್ಟಿಲು, ಮೊದಲು ಬಲಗಾಲು, ಹಿಂದೆಯೇ ಕ್ಯಾಲಿಪರ್ ತೊಟ್ಟ ಎಡಗಾಲು. ತೊಡೆಯಿಂದ ಹಿಮ್ಮಡಿಯವರೆಗೆ ಎರಡು ಲೋಹದ ಪಟ್ಟಿ, ಚರ್ಮದ ಬೆಲ್ಟು, ಮಂಡಿಯ ಹತ್ತಿರ ಒಂದು ಚಿಲಕ. ಮೇಲೆ ತಲುಪಿ, ಕುರ್ಚಿಯಲ್ಲಿ ಕುಳಿತು, ಚಿಲಕ ಬಿಡಿಸಿ ಕಾಲು ಮಡಚಿದ ಮೇಲೆಯೇ ಅವರು ಕಂಪ್ಯೂಟರಿನ ಕಡೆ ನೋಡುವುದು.

ಸುಕನ್ಯ ಡಿಟಿಪಿ ಕೆಲಸದವರು. ಮದುವೆ ಕಾರ್ಡು, ಕರಪತ್ರ, ಸಂಘದ ವಾರ್ಷಿಕ ವರದಿ ಎಂದು ದಿನಕ್ಕೆ ನಲವತ್ತು ಪುಟ ಟೈಪು ಮಾಡುತ್ತಾರೆ. ಇಪ್ಪತ್ತಮೂರು ವರ್ಷಗಳಿಂದ ಅದೇ ಕುರ್ಚಿ. ಆದರೆ ಇವತ್ತು ಪರದೆಯ ಮೇಲಿರುವುದು ಅವರೇ ಬರೆದ ಮಕ್ಕಳ ಕಥೆ. ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಹಂಚುವ ಒಂದು ಸಂಸ್ಥೆ ಅದನ್ನು ಅಚ್ಚು ಹಾಕಿಸಲು ಒಪ್ಪಿದೆ. ಎರಡು ಸಾವಿರ ಶಾಲೆಗಳಿಗೆ ಹೋಗುವ ಪುಸ್ತಕ. ಹದಿನಾರು ಪುಟದ ಕರಡು ನಿನ್ನೆ ಸಂಜೆ ಬಂದಿದೆ. ಒಂಬತ್ತು ಗಂಟೆಯೊಳಗೆ ತಿದ್ದಿ ಕಳಿಸಬೇಕು.

ಮೂರನೆಯ ಪುಟಕ್ಕೆ ಬಂದಾಗ ಅವರ ಕೈ ನಿಲ್ಲುತ್ತದೆ. 'ಬನ್ರೇ, ವಿಶೇಷಚೇತನಾಬಿಲ್ಲೆ ಆಡೋಣ' ಎಂದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದುತ್ತಾರೆ. ನಾಲ್ಕು ಸಾಲು ಕೆಳಗೆ, 'ಚಂದ್ರಿ ವಿಶೇಷಚೇತನುತ್ತ ಬಂದಳು'. ಏಳನೆಯ ಪುಟದಲ್ಲಿ ಅಜ್ಜಿ ಗದರುತ್ತಾಳೆ: 'ನಿನ್ನ ವಿಶೇಷಚೇತನು ನೆಪವೆಲ್ಲ ನನ್ನ ಹತ್ರ ಬೇಡ.'

ಏನಾಗಿದೆ ಎಂದು ಅವರಿಗೆ ತಕ್ಷಣ ತಿಳಿಯುತ್ತದೆ. ಇಂಥ ಎಡವಟ್ಟು ಟೈಪಿಂಗಿನವರಿಗೆ ಹೊಸದಲ್ಲ. ಸಂಸ್ಥೆಯಲ್ಲಿ ಯಾರೋ 'ಕುಂಟ' ಎಂಬುದು ಅಗೌರವದ ಪದವೆಂದು ಎಣಿಸಿ, ಕಂಪ್ಯೂಟರಿಗೆ ಒಂದೇ ಅಪ್ಪಣೆ ಕೊಟ್ಟು ಇಡೀ ಪುಸ್ತಕದಲ್ಲಿ ಬದಲಿಸಿಬಿಟ್ಟಿದ್ದಾರೆ. ಕಂಪ್ಯೂಟರಿಗೇನು ಗೊತ್ತು, ಕುಂಟಾಬಿಲ್ಲೆಯೂ ಹೋಯಿತು, ಕುಂಟುತ್ತ ಬರುವುದೂ ಹೋಯಿತು, ಕುಂಟುನೆಪವೂ ಹೋಯಿತು. ಒಟ್ಟು ಮೂವತ್ತೊಂದು ಕಡೆ. ಕೆಳಗಿನ ಮಹಡಿಯಲ್ಲಿ ಬೈಂಡಿಂಗ್ ಮಾಡುವ ಗುಲ್ಷನ್ ಚಹಾ ಹಿಡಿದು ಮೇಲೆ ಬಂದಾಗ ಸುಕನ್ಯ ಅದನ್ನು ಜೋರಾಗಿ ಓದಿ ಹೇಳುತ್ತಾರೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

"ಗೌರವ ಬೇಡ ಅಂತಲ್ಲ," ಎನ್ನುತ್ತಾರೆ ಸುಕನ್ಯ. "ಬಸ್ ಪಾಸಲ್ಲಿ, ಫಾರಂನಲ್ಲಿ ಹಂಗೇ ಬರೀಲಿ, ಸಂತೋಷ. ಆದ್ರೆ ನಾನು ನಡೆಯೋದನ್ನ ಏನಂತ ಹೇಳ್ಲಿ? ಕುಂಟ್ತೀನಪ್ಪ."

ನಗು ನಿಂತದ್ದು ಕೊನೆಯ ಪುಟದಲ್ಲಿ. ಅಲ್ಲಿ ಸುಕನ್ಯ ಬರೆಯದೇ ಇದ್ದ ಹನ್ನೆರಡು ಸಾಲು ಸೇರಿಕೊಂಡಿವೆ. ಪಟ್ಟಣದಿಂದ ಡಾಕ್ಟರು ಬರುತ್ತಾರೆ, ಚಂದ್ರಿಗೆ ಆಪರೇಷನ್ ಆಗುತ್ತದೆ, ಕ್ಯಾಲಿಪರ್ ಕಳಚಿ ಎಸೆದು ಅವಳು ಮೈದಾನದ ತುಂಬ ಓಡುತ್ತಾಳೆ. ಸುಕನ್ಯ ಆ ಪುಟವನ್ನು ಪ್ರಿಂಟ್ ತೆಗೆದು, ಕೆಂಪು ಪೆನ್ನಿನಿಂದ ಅಡ್ಡಡ್ಡ ಗೀಟು ಎಳೆಯುತ್ತಾರೆ. ಅವರಿಗೆ ಬಂದಿರುವ ಸಿಟ್ಟು ಆ ಗೀಟಿನಲ್ಲೇ ಕಾಣುತ್ತದೆ.

ಸುಕನ್ಯ ಹುಟ್ಟಿದ್ದು ಈಗಿನ ಕಲ್ಯಾಣ ನಗರದ ಪಕ್ಕದ ಹಳ್ಳಿಯಲ್ಲಿ. ರಿಂಗ್ ರೋಡ್ ಹಾದುಹೋದ ಜಾಗದಲ್ಲಿ ಅಪ್ಪ ಬೈಲಪ್ಪ ದಂಟು, ಮೆಂತ್ಯ ಬೆಳೆಯುತ್ತಿದ್ದರು. ಎರಡನೆಯ ವರ್ಷಕ್ಕೆ ಪೋಲಿಯೊ ಬಂತು. ಅಪ್ಪ ಸೊಪ್ಪಿನ ಕಟ್ಟುಗಳ ನಡುವೆ ಮಗಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಪಾಠಕ್ಕೆ ತೊಂದರೆಯಿರಲಿಲ್ಲ, ತೊಂದರೆಯಿದ್ದದ್ದು ಆಟದ ಬೆಲ್ಲಿಗೆ.

"ಎಲ್ರ ಚಪ್ಪಲಿ ಕಾಯೋದು ನನ್ನ ಕೆಲ್ಸ. ಒಂದಿನ ನಾನೂ ಕುಂಟಾಬಿಲ್ಲೆಗೆ ಬರ್ತೀನಿ ಅಂದೆ. ಇದು ಕುಂಟೋ ಆಟ, ನಿನ್ ಕೈಲಾಗಲ್ಲ ಅಂದ್ರು. ಆ ಮಾತಿನ ಅರ್ಥ ನಂಗೆ ಇವತ್ತಿನವರ್ಗೂ ಆಗಿಲ್ಲ," ಎಂದು ನಲವತ್ತೆಂಟರ ಸುಕನ್ಯ ಈಗಲೂ ತಲೆ ಅಲ್ಲಾಡಿಸುತ್ತಾರೆ.

ಅರ್ಥವಾಗದ ಆ ಮಾತಿನಿಂದಲೇ ಚಂದ್ರಿ ಹುಟ್ಟಿದಳು. ವಯಸ್ಸು ಒಂಬತ್ತು, ಎಡಗಾಲಿಗೆ ಕ್ಯಾಲಿಪರ್, ಬಾಯಿ ಸ್ವಲ್ಪ ಜೋರು. ನಿನ್ನ ಕೈಲಾಗಲ್ಲ ಎಂದವರಿಗೆ ಅವಳು ಹೇಳುವುದು ಇಷ್ಟೇ: 'ನೀವು ಒಂಟಿ ಕಾಲಲ್ಲಿ ನಿಲ್ಲೋದು ಆಟದಲ್ಲಿ ಮಾತ್ರ. ನಾನು ದಿನವಿಡೀ ನಿಲ್ತೀನಿ.' ಬಲಗಾಲಿನ ಮೇಲೆ ಭಾರ ಹಾಕಿ, ಎಂಟೂ ಮನೆ ಕುಪ್ಪಳಿಸಿ, ಬಿಲ್ಲೆ ಎತ್ತಿಕೊಂಡು ವಾಪಸು ಬರುತ್ತಾಳೆ. ಗೆಲ್ಲುತ್ತಾಳೆ. ಸುಕನ್ಯ ಬರೆದ ಕಥೆ ಅಲ್ಲಿಗೆ ಮುಗಿಯುತ್ತದೆ.

ಹತ್ತು ವರ್ಷದಲ್ಲಿ ಚಂದ್ರಿಯ ಹನ್ನೊಂದು ಕಥೆಗಳಾಗಿವೆ. ಮದುವೆ ಕಾರ್ಡು ಕತ್ತರಿಸಿ ಉಳಿದ ಕಾಗದದಲ್ಲಿ ಒಂದೊಂದನ್ನೂ ಅರವತ್ತು ಪ್ರತಿ ಮುದ್ರಿಸುತ್ತಾರೆ. ಗುಲ್ಷನ್ ಹೊಲಿದು ಕೊಡುತ್ತಾರೆ. ಶನಿವಾರ ಮಧ್ಯಾಹ್ನ ಸುಕನ್ಯ ಅವನ್ನು ಹಲಸೂರಿನಲ್ಲಿ ಕ್ಯಾಲಿಪರ್ ತಯಾರಿಸುವ ಒಂದು ಕಾರ್ಯಾಗಾರಕ್ಕೆ ಒಯ್ಯುತ್ತಾರೆ. ಅಳತೆಗೆ ಬಂದ ಮಕ್ಕಳು ಬೆಂಚಿನ ಮೇಲೆ ಕಾಯುತ್ತಿರುತ್ತಾರೆ. ಹೊಗಳಿಕೆ ಏನೂ ಸಿಗುವುದಿಲ್ಲ, ತಕರಾರು ಸಿಗುತ್ತದೆ. ಮಹದೇವಪುರದಿಂದ ಬರುವ ಪ್ರತಿಭಾ ಎಂಬ ಹುಡುಗಿ ಒಮ್ಮೆ, "ಆಂಟಿ, ನಿಮ್ ಚಂದ್ರಿ ಸ್ನಾನಾನೇ ಮಾಡಲ್ವಾ? ಕ್ಯಾಲಿಪರ್ ಬಿಚ್ಚೋದೇ ಇಲ್ಲ," ಎಂದು ಕೇಳಿದಳು. ಮುಂದಿನ ಕಥೆ ಬಚ್ಚಲಮನೆಯಲ್ಲೇ ನಡೆಯಿತು.

ಅಪ್ಪನ ಜಾಗದಲ್ಲಿ ಈಗ ಮೂರು ಮಹಡಿಯ ಮನೆಯಿದೆ. ಬಾಡಿಗೆ ಬರುತ್ತದಲ್ಲ, ಮನೆಯಲ್ಲಿ ಆರಾಮಾಗಿರು ಎಂದು ತಮ್ಮ ಮುನೀಂದ್ರ ಹೇಳುತ್ತಲೇ ಇರುತ್ತಾರೆ. "ಆರಾಮಾಗಿದ್ರೆ ಕಾಲು ನೋಡ್ಕೊಂಡು ಕೂತಿರ್ಬೇಕು. ಇಲ್ಲಿ ಅಕ್ಷರ ನೋಡ್ತೀನಿ," ಎಂದು ಹೇಳಿ ಅಕ್ಕ ಐದು ಗಂಟೆಯ ಬಸ್ಸು ಹತ್ತುತ್ತಾರೆ. ಒಮ್ಮೆ ಪಟ್ಟು ಹಿಡಿದರೆ ಜಗ್ಗುವ ಜಾಯಮಾನ ಅವರದಲ್ಲ.

ಒಂಬತ್ತಕ್ಕೆ ಸರಿಯಾಗಿ ಸುಕನ್ಯ ಸಂಸ್ಥೆಯ ಸಂಪಾದಕ ಜಗದೀಶ್ ಅವರಿಗೆ ಫೋನ್ ಹಚ್ಚುತ್ತಾರೆ. ಬಿಲ್ಲೆಯ ವಿಷಯ ಒಂದೇ ನಿಮಿಷದಲ್ಲಿ ಬಗೆಹರಿಯುತ್ತದೆ; ಕೇಳಿದ ಜಗದೀಶ್ ತಲೆ ಚಚ್ಚಿಕೊಂಡು, ಮೂವತ್ತೊಂದೂ ಪದ ಮೊದಲಿನಂತೆಯೇ ಇರಲಿ ಎನ್ನುತ್ತಾರೆ. ಕೊನೆಯ ಪುಟದ ಮಾತು ಬಂದಾಗ ಅವರ ದನಿ ಇಳಿಯುತ್ತದೆ.

"ಅದು ಸಮಿತಿಯ ಹಿರಿಯರು ಬರೆದಿದ್ದು ಮೇಡಂ. ಮಕ್ಕಳ ಪುಸ್ತಕ ಪಾಸಿಟಿವ್ ಆಗಿ ಮುಗೀಬೇಕು ಅಂತಾರೆ. ನಿಮ್ಮ ಜೊತೆ ಅವ್ರ ಹೆಸ್ರೂ ಬರುತ್ತೆ. ಪುಟ ತೆಗೆದ್ರೆ ಅವ್ರು ಸಹಿ ಹಾಕಲ್ಲ, ಪುಸ್ತಕ ನಿಂತೋಗುತ್ತೆ."

"ಅವ್ಳು ಗೆದ್ದಾಯ್ತಲ್ಲ ಸರ್. ಇನ್ನೇನು ಪಾಸಿಟಿವ್ ಬೇಕು?"

"ಓಡಿದ್ರೆ ಚೆನ್ನಾಗಿರುತ್ತೆ ಅಂತ ಅವ್ರಿಗೆ."

ಸುಕನ್ಯ ಕೆಂಪು ಗೀಟಿನ ಪುಟವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಹನ್ನೊಂದು ಕಥೆ ಬರೆದರೂ ಅವರ ಹೆಸರು ಒಂದು ನಿಜವಾದ ಪುಸ್ತಕದ ಮೇಲೆ ಬಂದಿಲ್ಲ. ಬಂದರೆ ಅಮ್ಮನಿಗೆ ತೋರಿಸಬೇಕೆಂಬ ಆಸೆ ಅವರಿಗಿದ್ದೇ ಇದೆ, ಅದನ್ನವರು ಮುಚ್ಚಿಟ್ಟೂ ಇಲ್ಲ.

"ಸರ್, ಹಂಗಾದ್ರೆ ಹಿಂಗ್ಮಾಡಿ," ಎನ್ನುತ್ತಾರೆ. "ಮುಖಪುಟದ ಮೇಲೆ ಅವ್ರ ಹೆಸ್ರೊಂದೇ ಹಾಕಿ. ನನ್ನ ಹೆಸ್ರು ತೆಗೀರಿ. ಅವಳ ಕ್ಯಾಲಿಪರ್ ಮಾತ್ರ ತೆಗೀಬೇಡಿ."

ಹಿರಿಯರು ಮಧ್ಯಾಹ್ನದೊಳಗೆ ಒಪ್ಪಿಕೊಂಡರಂತೆ. ಅವರು ಯಾರೆಂದು ಇಲ್ಲಿ ಬರೆಯಕೂಡದೆಂದು ಸುಕನ್ಯ ಖಡಾಖಂಡಿತವಾಗಿ ಹೇಳಿದ್ದಾರೆ. ಬರೆಯಲು ಕೈ ತುರಿಸುತ್ತದೆ, ಆದರೂ ಅವರ ಮಾತು ಮೀರುವಂತಿಲ್ಲ.

ಪುಸ್ತಕ ಈಗ ಹೊರಬಂದಿದೆ. ಮೇಜಿನ ಮೇಲಿನ ಪ್ರತಿಯಲ್ಲಿ ಸುಕನ್ಯ ಅವರ ಹೆಸರು ಹುಡುಕಬೇಕೆಂದರೆ ಎರಡನೆಯ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ ನೋಡಬೇಕು: 'ಅಕ್ಷರ ಜೋಡಣೆ: ಸುಕನ್ಯ'. ಗುಲ್ಷನ್‌ಗೆ ಇದು ನುಂಗಲಾರದ ತುತ್ತು. "ಹತ್ತು ವರ್ಷ ನಾನೇ ಹೊಲಿದಿದ್ದು. ಸುಕನ್ಯ ಆಪಾ ಬರ್ದಿದ್ದು ಅಂತ ನಂಗೆ ಗೊತ್ತಿಲ್ವಾ?" ಎಂದು ಅವರು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ.

"ಸುಳ್ಳೇನಿಲ್ವಲ್ಲ, ಜೋಡ್ಸಿದ್ದು ನಾನೇ," ಎನ್ನುತ್ತಾರೆ ಸುಕನ್ಯ. ಬೇಜಾರಾಗಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತಾರೆ. ಆಮೇಲೆ ಕೊನೆಯ ಪುಟ ತೆರೆದು ತೋರಿಸುತ್ತಾರೆ. ಚಿತ್ರದಲ್ಲಿ ಚಂದ್ರಿ ಒಂಟಿ ಕಾಲಲ್ಲಿ ನಿಂತು, ಕೈಯಲ್ಲಿ ಬಿಲ್ಲೆ ಹಿಡಿದಿದ್ದಾಳೆ. ಕ್ಯಾಲಿಪರ್‌ನ ಬೆಲ್ಟು, ಚಿಲಕ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ.

ಇನ್ನೇನಾದರೂ ಆಸೆಯಿದೆಯೇ ಎಂದರೆ ಅವರು ತುಸು ಯೋಚಿಸುತ್ತಾರೆ.

"ಎರಡು ಸಾವಿರ ಸ್ಕೂಲು ಅಂದ್ರೆ, ಯಾವುದೋ ಒಂದ್ರಲ್ಲಾದ್ರೂ ಒಬ್ಳು ಚಪ್ಪಲಿ ಕಾಯ್ಕೊಂಡು ಕೂತಿರ್ತಾಳೆ. ಇದನ್ನ ಓದಿ ಯಾರಾದ್ರೂ ಅವಳನ್ನ ಆಟಕ್ಕೆ ಕರೀಬೇಕು, ಅಷ್ಟೇ," ಎನ್ನುತ್ತಾರೆ. "ಕರೆದವ್ರು ಸೋಲ್ತಾರೆ, ಅದು ಬೇರೆ ವಿಷ್ಯ."